ಕೆನ್ನೆಯ ಮೇಲೆ ಬಂಗು

ಮಾರ್ಚ್ 3, ಮಂಗಳವಾರ

ಹಲ್ಲುಜ್ಜಿ ಮಾತ್ರೆ ನುಂಗಿದೆ. ಸ್ಟ್ರಿಪ್ ಸೀರೆಗಳ ಕೆಳಗೆ. ಬಸ್ಸಿಗೆ ಓಟ. ಹರದನಹಳ್ಳಿಯಿಂದ ಹೊಳೆನರಸೀಪುರ, ಅಲ್ಲಿಂದ ಹಾಸನ — ದಿನಾ ಇದೇ.

ಆದರೆ ಸಂಜೆ! ನಮ್ಮ ಕೇಬಲ್ ಚಾನೆಲ್‌ನ ಶಶಿಕಿರಣ್ ಸರ್ ಕರೆದು ಹೇಳಿಯೇಬಿಟ್ಟರು: "ಮೇಘಶ್ರೀ, ಯುಗಾದಿ ಕಳೆದ ಮೇಲೆ ಸಂಜೆ ಬುಲೆಟಿನ್ ನೀವೇ ಓದಿ." ಇಷ್ಟು ದಿನ ಬರೆದವಳು ನಾನು, ಓದಿದವರು ಬೇರೆ. ಇನ್ನು ಮುಖವೂ ನನ್ನದೇ!

ಮನುಗೆ ಫೋನ್ ಮಾಡಿದೆ. ಟ್ರ್ಯಾಕ್ಟರ್ ಶೋರೂಮಿನಲ್ಲೇ "ಹೋ" ಎಂದು ಕೂಗಿದ. ಸದ್ಯಕ್ಕೆ ಮಗು ಬೇಡ ಎಂದು ಇಬ್ಬರೂ ಮದುವೆಯಾದಾಗಲೇ ಮಾತಾಡಿಕೊಂಡದ್ದು ಒಳ್ಳೆಯದಾಯಿತು. ಅತ್ತೆಗೆ ಮಾತ್ರ ಗೊತ್ತಿಲ್ಲ; ಮಾತ್ರೆ ಬಚ್ಚಿಡುವುದು ಅದಕ್ಕೇ.

ಮಾರ್ಚ್ 7, ಶನಿವಾರ

ಟ್ರಯಲ್ ಶೂಟ್. ಮೇಕಪ್ ಮಾಡುವ ಮಾನ್ಯ ಕೆನ್ನೆಯನ್ನೇ ದಿಟ್ಟಿಸಿದಳು. "ಅಕ್ಕಾ, ಇದು ಬಂಗು." ಎರಡೂ ಕೆನ್ನೆ, ಮೇಲ್ದುಟಿಯ ಮೇಲೂ... ಕಂದು ಮಚ್ಚೆ. ಮಾನಿಟರ್‌ನಲ್ಲಿ ಎದ್ದು ಕಾಣುತ್ತಿತ್ತು. ಸರ್ ನೋಡುತ್ತಲೇ ಇದ್ದರು. ಅದೇ ಭಯ.

ಮಾರ್ಚ್ 8, ಭಾನುವಾರ

ಅತ್ತೆಯೂ ನೋಡಿಬಿಟ್ಟರು. ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು.

"ಬಂಗು ಕಣವ್ವಾ! ಮನು ಒಟ್ಟೇಲಿದ್ದಾಗ ನಂಗೂ ಇಂಗೇ ಬಂದಿತ್ತು. ಎಷ್ಟ್ ತಿಂಗ್ಳು?"

"ಹಂಗೇನಿಲ್ಲ ಅತ್ತೆ..."

"ನಾಚ್ಕಬ್ಯಾಡ, ಸುಮ್ಕಿರು!"

ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಅರಕಲಗೂಡಿನಲ್ಲಿರುವ ಅವರ ಅಕ್ಕನಿಗೆ ಫೋನ್ ಹೋಯಿತು. ಮಧ್ಯಾಹ್ನ ಒತ್ತು ಶ್ಯಾವಿಗೆ, ಕಾಯಿಹಾಲು. ತಿಂದೆ. ಬಹಳ ರುಚಿಯಾಗಿತ್ತು, ಅದೇ ಕಷ್ಟ.

ಮಾರ್ಚ್ 10, ಮಂಗಳವಾರ

ಹಾಸನದಲ್ಲಿ ಡಾಕ್ಟರ್ ಯಶಸ್ವಿನಿ. ಮನುವೂ ಬಂದ. ಟೆಸ್ಟ್ ಆಯಿತು — ಬಸಿರಲ್ಲ. ನುಂಗುವ ಮಾತ್ರೆ ಯಾವುದೆಂದು ಕೇಳಿದರು. ಹೇಳಿದೆ.

"ಅದರಿಂದ ಇರಬಹುದು. ಎಲ್ಲರಿಗೂ ಬರೋದಿಲ್ಲ, ಕೆಲವರಿಗೆ ಬರುತ್ತೆ. ಬಿಸಿಲು ಬಿದ್ದರೆ ಇನ್ನೂ ಜಾಸ್ತಿ. ಹೆದರಬೇಡಿ."

ಹಾರ್ಮೋನ್ ಇಲ್ಲದ ದಾರಿಯೂ ಇದೆ ಎಂದರು. ಕಾಪರ್-ಟಿ ಎಂದು ತೀರ್ಮಾನಿಸಿದೆವು. ಬಿಸಿಲಿಗೆ ಸನ್‌ಸ್ಕ್ರೀನ್. ಬಂಗು ಮಾಯಲು ತಿಂಗಳುಗಳೇ ಹಿಡಿಯಬಹುದಂತೆ... ನನಗೋ ಯುಗಾದಿ ಬಂದೇಬಿಟ್ಟಿದೆ!

ಬಸ್‌ಸ್ಟ್ಯಾಂಡಿನಲ್ಲಿ ಮನು, "ಅವ್ವಂಗೆ ನಾನೇ ಹೇಳ್ಲಾ?" ಎಂದ.

ಬೇಡ ಎಂದೆ. ಮುಖ ನನ್ನದು.

ಮಾರ್ಚ್ 15, ಭಾನುವಾರ

ಇಷ್ಟು ದಿನ ಧೈರ್ಯ ಬರಲಿಲ್ಲ. ಇವತ್ತು ಅರಕಲಗೂಡಿನ ದೊಡ್ಡತ್ತೆ ಫೋನ್ ಮಾಡಿದರು — ಬಸುರಿಗೆಂದು ಕಜ್ಜಾಯ ಮಾಡಿಕೊಂಡು ನಾಳೆ ಬರುತ್ತಾರಂತೆ! ಹೇಳಿಬಿಟ್ಟೆ. ಮಾತ್ರೆ, ಬಂಗು, ಎಲ್ಲ.

ಅತ್ತೆ ರಾಗಿ ಕೇರುತ್ತಿದ್ದರು. ಮೊರ ನಿಂತಿತು.

"ಊರ್ಗೆಲ್ಲಾ ಸಾರ್ಬುಟ್ನಲ್ಲೇ! ನನ್ನ ಒಂದ್ ಮಾತು ಕೇಳ್ಬಾರ್ದಾಗಿತ್ತಾ?"

"ಕೇಳಿದ್ರೆ ಮಾತ್ರೆ ಬೇಡ ಅಂತಿದ್ರಿ."

"ಅಂತಿದ್ದೆ." ಮೊರ ಕೆಳಗಿಟ್ಟರು. ಕಣ್ಣು ತುಂಬಿತ್ತು. ನನಗೂ. "ಮುಂದಕ್ಕಾದ್ರೂ ಬೇಕು ಅಂತೀಯೇನವ್ವಾ?"

"ಬೇಕು ಅತ್ತೆ. ಖಂಡಿತ ಬೇಕು. ಈಗಲೇ ಅಲ್ಲ ಅಷ್ಟೆ."

ಮೊರ ಎತ್ತಿ ಉಳಿದ ರಾಗಿ ಕೇರಿ ಮುಗಿಸಿದರು. ಆಮೇಲೆ ತಾವೇ ಫೋನ್ ಎತ್ತಿಕೊಂಡರು.

"ಅಕ್ಕಾ, ಆ ಸುದ್ದಿ ಸುಳ್ಳು ಕಣಕ್ಕಾ. ನಿಜವಾದ್ ಸುದ್ದಿ ಕೇಳು — ನಮ್ ಮೇಘ ಟೀವೀಲಿ ಬತ್ತಾಳೆ!"

ಒಳಗೆ ಹೋಗಿ ಅತ್ತುಬಿಟ್ಟೆ. ನಗುತ್ತಲೇ.

ಮಾರ್ಚ್ 17, ಮಂಗಳವಾರ

ಸರ್ ಹತ್ತಿರವೂ ಮುಚ್ಚಿಡಲಿಲ್ಲ. ಬಂಗು ಬೇಗ ಹೋಗಲ್ಲ ಸರ್, ಬೇರೆಯವರನ್ನು ನೋಡ್ತೀರಾ ಎಂದೆ.

"ಬಂಗಾ? ನಾನು ನೋಡಿದ್ದು ನಿಮ್ಮ ಕಣ್ಣು ಮೇಡಂ. ಓದುವಾಗ ರೆಪ್ಪೆಯನ್ನೇ ಬಡಿಯಲ್ಲ ನೀವು! ಅದನ್ನ ಸರಿಮಾಡ್ಕೊಳ್ಳಿ."

ಬಸ್ಸಿನುದ್ದಕ್ಕೂ ರೆಪ್ಪೆ ಬಡಿದೆ. ಪಕ್ಕದವರು ಸೀಟು ಬದಲಿಸಿದರು.

ಮಾರ್ಚ್ 23, ಸೋಮವಾರ, ಸಂಜೆ 6.50

ಮೇಕಪ್ ರೂಮು. ಮಾನ್ಯ ದಪ್ಪಗೆ ಬಳಿಯಲೇ ಎಂದಳು. ಬೇಡ, ತೆಳ್ಳಗೆ ಸಾಕು. ಸ್ವಲ್ಪ ಕಾಣುತ್ತದೆ. ಕಾಣಲಿ!

ಮನೆಯಲ್ಲಿ ಟೀವಿ ಮುಂದೆ ಅರ್ಧ ಬೀದಿಯೇ ಇದೆಯಂತೆ. ಅರಕಲಗೂಡಿನ ದೊಡ್ಡತ್ತೆ ಕಜ್ಜಾಯ ತಂದೇ ತಂದಿದ್ದಾರಂತೆ. ಅತ್ತೆ ಫೋನು —

"ಮಗಾ, ಕರೆಂಟ್ ಓಯ್ತು ಕಣೇ! ಒಂದ್ ಗಳಿಗೆ ನಿಲ್ಸವ್ವಾ, ಎಲ್ಲಾರೂ ಚನ್ನಪ್ಪನ್ ಮನೆಗೆ ಓಡ್ತಾ ಇದ್ದೀವಿ, ಅಲ್ಲಿ ಇನ್ವರ್ಟರ್ ಅದೆ!"

ಸುದ್ದಿಯನ್ನು ನಿಲ್ಲಿಸುವುದು ಹೇಗೆ ಅತ್ತೆ! ಸರ್ ಕರೆಯುತ್ತಿದ್ದಾರೆ. ಮೈಕ್ ಎಲ್ಲಿ... ರೆಪ್ಪೆ ಬಡಿಯಬೇಕು, ರೆಪ್ಪೆ —