ಜೀರುಂಡೆಯ ಚಿಪ್ಪಿಲ್ಲದ ಕಷಾಯ

ಅಮ್ಮಾ,

ಮೊನ್ನೆ ನೀನು ಚೆಲ್ಲಿದ ಚೀನೀ ಕಷಾಯದ ಬದಲು ಹೊಸತು ಕುದಿಸಿ ಫ್ಲಾಸ್ಕಿನಲ್ಲಿಟ್ಟಿದ್ದೇನೆ. ಇದರಲ್ಲಿ ನೀನು ಬೇಡವೆಂದ ಜೀರುಂಡೆಯ ಚಿಪ್ಪಿಲ್ಲ. "ಅದು ತಾನಾಗಿ ಕಳಚಿದ್ದು, ಯಾರೂ ಕೊಂದದ್ದಲ್ಲ" ಎಂದರು ಚೀನೀ ಮದ್ದಿನ ಡಾಕ್ಟರು. "ನಮ್ಮಮ್ಮ ಜೈನರು, ಇರುವೆಗೂ ದಾರಿ ಬಿಡುವವರು" ಎಂದೆ. ನಕ್ಕು, ಚಿಪ್ಪು ಬಿಟ್ಟು ಬೇರೆ ಪೊಟ್ಟಣ ಕಟ್ಟಿಕೊಟ್ಟರು.

ಎದ್ದ ಕೂಡಲೇ ಕುಡಿ. ಕಹಿಯಾದರೆ ನನ್ನನ್ನು ಬೈದುಕೊಂಡು ಕುಡಿ. ರಾತ್ರಿಯದ್ದನ್ನು ನಿನ್ನ ನೇಮದಂತೆ ಸೂರ್ಯ ಮುಳುಗುವ ಮೊದಲೇ ಮುಗಿಸಬಹುದಂತೆ. ಈ ಮದ್ದು ಲಿವರಿಗೆ ತೊಂದರೆ ಮಾಡಿಲ್ಲವೇ ಎಂದು ನೋಡಲು ಶುಕ್ರವಾರ ರಕ್ತಪರೀಕ್ಷೆಗೆ ಹೋಗುವ.

ಪಕ್ಕದ ಮನೆಯ ದಮಯಂತಿ ಅಕ್ಕ ಬಂದು "ಚೀನಾದ ಮಾಲಿಗೆ ಗ್ಯಾರಂಟಿ ಉಂಟಾ ಮಾರಾಯ್ತಿ?" ಎಂದರೆ ಚಾ ಕೊಟ್ಟು ಕಳಿಸು. ಸೋರಿಯಾಸಿಸ್ ಇಳಿಯುತ್ತಿರುವಾಗ ಮದ್ದು ಬಿಡಬೇಡ.

ನಾನು ವೇಣೂರಿನ ಬಸ್ಸಿಗೆ ಹೊರಡುವಾಗ ನೀನು ಮೊಣಕೈ ಕೆರೆಯದೆ ನಿದ್ದೆ ಮಾಡುತ್ತಿದ್ದೆ. ಹಾಗೆ ನೋಡಿ ವರ್ಷಗಳಾದವು. ಅದಕ್ಕೇ ಎಬ್ಬಿಸಲಿಲ್ಲ.

ತ್ರಿಶಾ