ಉಸಿರು ಕಟ್ಟಿದ ಮೇಲೆ ಸಿಗುವ ಮಾತ್ರೆ

ಇಲ್ಲ ಮಾನ್ಯ ಆರೋಗ್ಯ ಆಯುಕ್ತರೇ, ಆ ಮಾತು ನನ್ನ ಗಂಟಲಲ್ಲಿ ಇನ್ನೂ ಇಳಿದಿಲ್ಲ. "ಲಸಿಕೆ ಇದ್ದ ಮೇಲೆ ಮಾತ್ರೆಗೆ ಯಾಕೆ ಅವಸರ?" ಅಂತ ಮೊನ್ನೆ ಟೀವಿಯಲ್ಲಿ ನಕ್ಕಿರಲ್ಲ, ಆಗ ನನ್ನಕ್ಕನ ಹೆಣ ಶವಾಗಾರದಲ್ಲಿತ್ತು. ಕೊಂದದ್ದು ವೈರಸ್, ಒಪ್ಪುತ್ತೇನೆ. ಅದಕ್ಕೆ ಬೇಕಾದಷ್ಟು ಕಾಲಾವಕಾಶ ಮಂಜೂರು ಮಾಡಿದ್ದು ನಿಮ್ಮ ಆದೇಶ.

ನನ್ನನ್ನು ಲಸಿಕೆ ವಿರೋಧಿ ಅಂದುಕೊಳ್ಳಬೇಡಿ. ನಾನು ನಿಮ್ಮ ಅಭಿಮಾನಿ. ನಿಮ್ಮ ಭಾಷಣದ ತುಣುಕುಗಳನ್ನು ಸಿಕ್ಕ ಸಿಕ್ಕ ಗ್ರೂಪಿಗೆಲ್ಲ ಫಾರ್ವರ್ಡ್ ಮಾಡಿದವನು, ಲಸಿಕೆಯಲ್ಲಿ ವಿಷ ಇದೆ ಎಂದ ಸೋದರಮಾವನ ಜೊತೆ ಬೆರಳು ನೋಯುವ ತನಕ ಜಗಳವಾಡಿ ಮನೆಯ ಗ್ರೂಪಿನಿಂದಲೇ ಹೊರಬಿದ್ದವನು. ಮಾವ ಕಡೆಗೂ ಹಾಕಿಸಿಕೊಂಡರು. ಸೋಂಕು ತಗುಲಿದಾಗ ಒಂದಿಷ್ಟು ಕೆಮ್ಮಿ ಎದ್ದು ಕೂತರು. ಲಸಿಕೆ ಗೆದ್ದಿತು. ಇವತ್ತೂ ಹಾಕಿಸಿಕೊಳ್ಳಿ ಅಂತಲೇ ಹೇಳುತ್ತೇನೆ.

ಅಕ್ಕನದು ಬೇರೆ ಕತೆ. ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುತ್ತಿದ್ದ ಅವಳೊಳಗೆ ಅಮ್ಮ ಕೊಟ್ಟ ಕಿಡ್ನಿ ಇತ್ತು. ದೇಹ ಅದನ್ನು ಹೊರಗಿನದೆಂದು ತಳ್ಳದಿರಲಿ ಅಂತ, ರೋಗದ ಜೊತೆ ಹೋರಾಡುವ ಶಕ್ತಿಯನ್ನೇ ಅಡಗಿಸುವ ಗುಳಿಗೆಗಳನ್ನು ದಿನವೂ ನುಂಗುತ್ತಿದ್ದಳು. ಲಸಿಕೆ ದೇಹಕ್ಕೆ ವೈರಸ್ಸಿನ ಗುರುತು ಹಿಡಿಯುವ ಪಾಠ ಹೇಳುತ್ತದೆ, ಸರಿ. ಕಲಿಯಬೇಕಾದ ದೇಹಕ್ಕೇ ಮಂಪರು ಕವಿದಿದ್ದರೆ? ಮೇಲಾಗಿ ವೈರಸ್ಸು ಅಲೆ ಅಲೆಗೂ ಮುಖ ಬದಲಿಸಿಕೊಂಡು ಬರುತ್ತದೆ. "ಲೋ, ಚುಚ್ಚಿಸ್ಕೊಂಡು ಚುಚ್ಚಿಸ್ಕೊಂಡು ನನ್ನ ತೋಳು ಜರಡಿ ಆಯ್ತು," ಅನ್ನುತ್ತಿದ್ದಳು. "ಒಂದ್ಸಲ ಆ ವೈರಸ್ಸಿಗೂ ಚುಚ್ಚೋಕೆ ಹೇಳೋ ನಿಮ್ ಸಾಹೇಬ್ರಿಗೆ!"

ಜ್ವರ ಬಂದ ದಿನವೇ ಕ್ಲಿನಿಕ್ಕಿಗೆ ಹೋದೆವು. ಪರೀಕ್ಷೆಯಲ್ಲಿ ಸೋಂಕು ಖಚಿತವಾಯಿತು.

"ಈ ವೈರಸ್ಸಿಗೆ ಮಾತ್ರೆ ಇದೆ ಕಣಮ್ಮಾ, ನೀನು ತಗೊಳ್ಳೋ ಗುಳಿಗೆಗಳ ಜೊತೆ ಹೊಂದುವಂಥದ್ದೇ ಇದೆ," ಅಂದರು ಡಾಕ್ಟರಮ್ಮ. "ಆದ್ರೆ ಆಕ್ಸಿಜನ್ ಇಳಿದು, ಅಡ್ಮಿಟ್ ಆದವ್ರಿಗೆ ಮಾತ್ರ ಕೊಡಿ ಅಂತ ಆದೇಶ."

"ಹಂಗಾದ್ರೆ ಬೇಗ ಬಂದಿದ್ದೇ ನನ್ ತಪ್ಪಾ ಡಾಕ್ಟ್ರೇ? ಹೋಗಿ ಸ್ವಲ್ಪ ಸಾಯೋ ಹಾಗಾಗಿ ಬರ್ತೀನಿ ಬಿಡಿ."

ಅಕ್ಕ ನಕ್ಕಳು. ಡಾಕ್ಟರಮ್ಮ ನಗಲಿಲ್ಲ. ಕೆಲವೇ ದಿನಗಳಲ್ಲಿ ಅಕ್ಕ ಹೇಳಿದ ಹಾಗೇ ಆಗಿ, ಆಕ್ಸಿಜನ್ ಇಳಿದು ಮರಳಿದಾಗ ಮಾತ್ರೆ ಸಿಕ್ಕಿತು. "ಇದು ವೈರಸ್ ಹೆಚ್ಚಾಗೋದನ್ನ ತಡೆಯುತ್ತೆ ಕಣಪ್ಪಾ, ಹಾಳಾದ ಶ್ವಾಸಕೋಶನ ಸರಿ ಮಾಡಲ್ಲ," ಅಂದರು ಡಾಕ್ಟರಮ್ಮ ನನಗೆ, ಮುಖ ನೋಡದೆ.

ಮಾನ್ಯರೇ, ಮನೆ ಸುಟ್ಟು ಬೂದಿಯಾದ ಮೇಲಷ್ಟೇ ನೀರು ಬಿಡಬೇಕು ಅಂತ ಅಗ್ನಿಶಾಮಕ ದಳಕ್ಕೂ ಆದೇಶ ಹೊರಡಿಸಿದ್ದೀರಾ? ವೈರಸ್ಸು ಮುಖ ಬದಲಿಸಿದರೂ ತನ್ನನ್ನು ತಾನೇ ನಕಲು ಮಾಡಿಕೊಳ್ಳುವ ಯಂತ್ರವನ್ನು ಅಷ್ಟು ಸುಲಭವಾಗಿ ಬದಲಿಸಲಾರದು; ಈ ಮಾತ್ರೆ ಕೈ ಹಾಕುವುದು ಆ ಯಂತ್ರಕ್ಕೆ. ಮುಂದೊಂದು ದಿನ ಅದನ್ನೂ ದಾಟೀತು, ಅದಕ್ಕೇ ಒಂದಲ್ಲ, ಹಲವು ಬಗೆಯ ಔಷಧ ಬೇಕು. ಅಕ್ಕನಂಥವರ ದೇಹದಲ್ಲಿ ವೈರಸ್ಸು ವಾರಗಟ್ಟಲೆ ತಂಗಿ, ಲಸಿಕೆಗೂ ಸಿಗದ ಹೊಸ ಹೊಸ ರೂಪ ತಾಳಬಹುದು. ಅವರಿಗೆ ಬೇಗ ಮಾತ್ರೆ ಕೊಟ್ಟರೆ ನಿಮ್ಮ ಲಸಿಕೆಯ ಮಾನವೂ ಉಳಿಯುತ್ತದೆ. ಇಷ್ಟು ತಿಳಿಯಲು ಆಯುಕ್ತರಾಗಬೇಕಾ?

ನನ್ನ ಬೇಡಿಕೆ ಇಷ್ಟೇ. ದೇಹ ದುರ್ಬಲವಾಗಿರುವವರಿಗೆ, ವಯಸ್ಸಾದವರಿಗೆ, ಸೋಂಕು ಖಚಿತವಾದ ದಿನವೇ ಕ್ಲಿನಿಕ್ಕಿನಲ್ಲೇ ಮಾತ್ರೆ ಕೊಡಿ. ಇವತ್ತೇ ಆದೇಶ ತಿದ್ದಿ. ಯಾಕೆ ಇವತ್ತೇ ಅಂದರೆ, ಅಕ್ಕನ ತಲೆದಿಂಬಿನ ಪಕ್ಕ ಕೂತಿದ್ದ ಅಮ್ಮನಿಗೆ, ಸಕ್ಕರೆ ಕಾಯಿಲೆಯೂ ಒಂದೇ ಕಿಡ್ನಿಯೂ ಇರುವ ಅಮ್ಮನಿಗೆ, ಬೆಳಿಗ್ಗೆ ಸೋಂಕು ಖಚಿತವಾಗಿದೆ. ಆಕ್ಸಿಜನ್ ಇನ್ನೂ ಚೆನ್ನಾಗಿದೆ ಅಂತ ಮನೆಗೆ ಕಳಿಸಿದ್ದಾರೆ. ಒಳಗೆ ಕೆಮ್ಮುವುದು ಕೇಳಿಸುತ್ತಿದೆ. ನೀವು ಸಹಿ ಹಾಕುತ್ತೀರಾ, ಇಲ್ಲ ಅವಳ ಉಸಿರು ಕಟ್ಟುವವರೆಗೂ ನಾನು ಕಾಯಬೇಕಾ?

ಇಂತಿ,
ನಿಮ್ಮ ಪರವಾಗಿ ಎಲ್ಲರ ಜೊತೆ ಜಗಳವಾಡಿದ, ಈಗ ನಿಮ್ಮ ಜೊತೆಗೇ ಜಗಳಕ್ಕೆ ನಿಂತಿರುವ ಅಭಿಮಾನಿ