ಕೊಜುಯೆಯ ಬಾಯಿಗೆ ಒಪ್ಪುವ ಮೌತ್‌ಪೀಸ್

ಏನೂಂದ್ರೆ,

ಗುಡಿಗೆ ಹೊರಟೆ. ಎದ್ದಕೂಡಲೇ ಇದನ್ನು ಓದಿ.

ಮೊಮ್ಮಗಳು ಕೊಜುಯೆ ಶಾಲೆಯ ಬ್ಯಾಂಡ್ ಬಿಡುವುದಾಗಿ ಪತ್ರ ಬರೆದಿದ್ದಾಳೆ. ನಾಳೆ ಮೇಷ್ಟ್ರಿಗೆ ಕೊಡುತ್ತಾಳಂತೆ. "ನಂಗೆ ಉಸಿರೇ ಸಾಲಲ್ಲ ಅಜ್ಜಿ, ಅಷ್ಟು ದೊಡ್ಡ ಕಹಳೆ, ಆ ಟ್ಯೂಬಾ ನನ್ನಿಂದಾಗಲ್ಲ" ಅಂದಳು.

ಉಸಿರಿಗೇನೂ ಆಗಿಲ್ಲ ರೀ. ಬ್ಯಾಂಡಿನಲ್ಲಿ ಟ್ಯೂಬಾ ಊದುವ ಮೂರನೇ ವರ್ಷದ ಆ ದಾಂಡಿಗ ಹುಡುಗನದ್ದೇ ಅಳತೆ ನೋಡಿ ನೀವು ತಂದ ಮೌತ್‌ಪೀಸು, ಆ ಊದುವ ತುದಿ, ಅವಳ ಬಾಯಿಗೆ ಬಾವಿಯಷ್ಟು ಅಗಲ. ಅದನ್ನು ಮೂರು ದಿನ ತೀರಿಕೊಂಡ ಹಿರಿಯರ ಪೀಠದ ಮುಂದಿಟ್ಟು ಕೊಟ್ಟಿರಿ. ಬೇಡವೆನ್ನಲು ಮಗುವಿಗೆ ನಾಲಗೆ ಹೇಗೆ ಬಂದೀತು?

ಮಿಸೊ ಸಾರು ಒಲೆಯ ಮೇಲಿದೆ. ಕುಡಿದು, ನಿಲ್ದಾಣದ ಬಳಿಯ ವಾದ್ಯಗಳ ಅಂಗಡಿಗೆ ಅವಳನ್ನೇ ಕರೆದೊಯ್ಯಿರಿ. ಹೊಸ ಮೌತ್‌ಪೀಸಿನಲ್ಲಿ ತುಟಿ ಇಡುವ ಬಟ್ಟಲು ಚಿಕ್ಕದಿರಲಿ. ಬೆಳ್ಳಿ ಲೇಪ ಬೇಡ, ಕಲಿಯುವವರಿಗೆ ಪ್ಲಾಸ್ಟಿಕ್‌ನ ಅಗ್ಗದ್ದೇ ಸಾಕು. ಶಾಲೆಯ ಹಳೆಯ ಮೌತ್‌ಪೀಸ್ ಜೊತೆಗೆ ಒಯ್ಯಿರಿ. ಹೊಸದರ ಬಾಲದ ದಪ್ಪ ಅದರಷ್ಟೇ ಇರದಿದ್ದರೆ ಟ್ಯೂಬಾದೊಳಗೆ ಕೂರುವುದಿಲ್ಲ. ಅವಳೇ ಊದಿ ಆರಿಸಲಿ. ನೀವು ಬಾಯಿ ಹಾಕಬೇಡಿ.

ಆ ಪತ್ರಕ್ಕೆ ಹಿರಿಯರ ಒಪ್ಪಿಗೆಯೆಂದು ಮನೆಯ ಮುದ್ರೆ ಬೀಳಬೇಕು. ಮುದ್ರೆಯನ್ನು ನನ್ನ ಜಪಮಾಲೆಯ ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದೇನೆ. ಸಂಜೆಗೆ ಬರುತ್ತೇನೆ. ಅಷ್ಟರೊಳಗೆ ಹೊಸದನ್ನೂದಿ ಅವಳು ಒಂದು ಸ್ವರ ಹೊರಡಿಸಲಿ. ಆಮೇಲೂ ಬಿಡುತ್ತೇನೆಂದರೆ, ನಾನೇ ಮುದ್ರೆ ಒತ್ತಿಕೊಡುತ್ತೇನೆ.

ಹಿಸಾನೊ